ಭಾಗವತರಿಗೆ ಸಾಲದ ಮಿಲಿಆಂಪಿಯರ್

ಉಡುಪಿಯ ಆಷಾಢದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಹಾಗಾಗಿ ಮಾವನ ಹಾರ್ಡ್‌ಡಿಸ್ಕ್, ವಿಂಡೋಸ್ ಬದಲು ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಿಕೊಂಡು ಮಾಯವಾಗತೊಡಗಿದಾಗ ಅಮ್ಮ, "ಥಂಡಿ ಹಿಡಿದಿರಬೇಕು, ಅಕ್ಕಿ ಡಬ್ಬದಲ್ಲಿಡು" ಎಂದರು. ಭಾವನದು ಬೇರೆ ರೋಗನಿದಾನ: "ಆ ಲಿನಕ್ಸ್ ಬಿಡು ಮಾರಾಯ."

ಡಿಸ್ಕಿನಲ್ಲಿದ್ದದ್ದು ಮಾವ ಇಬ್ಬನಿಯಲ್ಲಿ ಕುಳಿತು ಚಿತ್ರೀಕರಿಸಿದ ಯಕ್ಷಗಾನ ಬಯಲಾಟಗಳು. ನಕಲು ಅರ್ಧಕ್ಕೆ ಬರುವಷ್ಟರಲ್ಲಿ ಎಸ್‌ಡಿಬಿ (ಲಿನಕ್ಸ್ ಆ ಡಿಸ್ಕಿಗೆ ಕೊಟ್ಟ ಹೆಸರು) ನಾಪತ್ತೆ. ಚೌಕಿಗೆ ಹೋಗಿ ವೇಷ ಬದಲಿಸಿದಂತೆ ಎಸ್‌ಡಿಸಿ ಆಗಿ ಮರುಪ್ರವೇಶ. ಹಳೆಯ ಹೆಸರನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ಮುಂದಿನ ಅಕ್ಷರ ಕೊಡುತ್ತದೆ. ಇದನ್ನು ವಿವರಿಸಿದರೆ ಮಾವನಿಗೆ ಸಮಾಧಾನವಿಲ್ಲ. ಕೇಬಲನ್ನು ಒಂದು ಕೋನದಲ್ಲಿ ಎತ್ತಿ ಹಿಡಿದರೆ ನಿಲ್ಲುತ್ತದೆ ಎಂಬುದು ಅವರ ಶೋಧ. ಹಾಗೆಯೇ ಉಸಿರು ಬಿಗಿಹಿಡಿದು ಕುಳಿತರು. ಮೊಣಕೈಗೆ ಸೊಳ್ಳೆ ಕಚ್ಚಿತು. ಡಿಸ್ಕ್ ಮತ್ತೆ ಹೋಯಿತು.

ನಾನು ಶಾಸ್ತ್ರೋಕ್ತವಾಗಿ ಹೊರಟೆ. ಯುಎಎಸ್ ಎಂಬ, ಯುಎಸ್‌ಬಿ ಡಿಸ್ಕುಗಳನ್ನು ವೇಗವಾಗಿ ನಡೆಸುವ ಚಾಲಕ ತಂತ್ರಾಂಶದೊಂದಿಗೆ ಕೆಲವು ಡಿಸ್ಕ್‌ಗಳು ಹೊಂದಿಕೊಳ್ಳುವುದಿಲ್ಲ. ಕರ್ನಲ್‌ಗೆ ಸೂಚನೆ ಕೊಟ್ಟು ಹಳೆಯ ಯುಎಸ್‌ಬಿ-ಸ್ಟೋರೇಜ್ ಚಾಲಕಕ್ಕೆ ಇಳಿಸಿದೆ. ವೇಗ ಕಡಿಮೆಯಾಯಿತು, ಚಾಳಿ ಹೋಗಲಿಲ್ಲ. ಕೆಲಸವಿಲ್ಲದ ಉಪಕರಣವನ್ನು ತಾನಾಗಿ ಮಲಗಿಸುವ ಆಟೋಸಸ್ಪೆಂಡ್ ನಿಲ್ಲಿಸಿದೆ, ಅದೂ ವ್ಯರ್ಥ. ಕೊನೆಗೆ ಕರ್ನಲ್‌ನ ದಿನಚರಿ ತೋರಿಸುವ ಡಿಎಂಇಎಸ್‌ಜಿಯ ಸಾಲುಗಳನ್ನು ನೋಡುತ್ತಾ ಕುಳಿತೆ. 'ಯುಎಸ್‌ಬಿ ಡಿಸ್‌ಕನೆಕ್ಟ್' ಎಂಬ ಸಾಲು ಬಿದ್ದಾಗಲೆಲ್ಲ ಅಕ್ಕಪಕ್ಕದಲ್ಲಿ ಇನ್ನೊಂದು ಉಪಕರಣ ಬಂದು ಸೇರಿದ ಸುದ್ದಿಯೂ ಇತ್ತು. ಆ ಉಪಕರಣ ಯಾವುದೆಂದರೆ ಭಾವನ ಫೋನ್. ಡಿಸ್ಕ್ ಇದ್ದ ಅದೇ ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಗೆ) ಸಿಕ್ಕಿಸಿಕೊಂಡು ನೆಮ್ಮದಿಯಾಗಿ ಚಾರ್ಜ್ ಆಗುತ್ತಿತ್ತು.

ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್ ವಿದ್ಯುತ್, 3.0 ಕೊಡುವುದು 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಆ ಒಂದೇ ಪಾಲನ್ನು ಎಲ್ಲರಿಗೂ ಹಂಚಬೇಕು. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ ಹಸಿವು ಹೆಚ್ಚು. ಜೊತೆಗೆ ನಮ್ಮ ಸಪೂರ, ಉದ್ದ ಕೇಬಲ್ ದಾರಿಯಲ್ಲೇ ವೋಲ್ಟೇಜ್ ನುಂಗುತ್ತಿತ್ತು.

ಇದನ್ನೆಲ್ಲ ಹೇಳಿದ್ದಕ್ಕೆ ಭಾವ, "ವಿಂಡೋಸ್ ಆಗಿದ್ದರೆ ಎರಡಕ್ಕೂ ಸಾಕಾಗುತ್ತಿತ್ತು" ಎಂದರು. ವಾದಿಸಲಿಲ್ಲ; ಅಕ್ಕನ ಗಂಡ. ಫೋನನ್ನು ಗೋಡೆಯ ಪ್ಲಗ್ಗಿಗೆ ವರ್ಗಾಯಿಸಿ, ಗಿಡ್ಡ ಕೇಬಲ್ ತಂದು ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪ್‌ನ ನೀಲಿ (3.0) ಪೋರ್ಟಿಗೆ ಚುಚ್ಚಿದೆ. ಬೆಳಗಿನ ತನಕ ಒಮ್ಮೆಯೂ ತಪ್ಪದೆ ಎಲ್ಲ ಆಟಗಳೂ ನಕಲಾದವು.

ಮನೆಯವರೆಲ್ಲ ಸೇರಿ ಮೊದಲ ಆಟ ಹಾಕಿದೆವು. ಪರದೆಯ ತುಂಬ ಮುಂದಿನ ಸಾಲಿನವರ ತಲೆಗಳು, ನಡುವೆ ಆಗೀಗ ಒಂದು ಕಿರೀಟದ ತುದಿ.

"ಭಾಗವತರ ಪದ ಮಾತ್ರ ಸ್ಪಷ್ಟ ಕೇಳುತ್ತದೆ, ಅಲ್ಲವಾ?" ಎಂದರು ಮಾವ.