ನೆರೆಗೆ ಮುಳುಗಿದ ಅಂಗಡಿಗೆ ಸರ್ಕಾರ ನಗದು ಪರಿಹಾರ ಕೊಡಬೇಕೇ?

ಪರ: ಹಸುವಿಗೆ ದರವಿದೆ, ಅಂಗಡಿಗೆ ಇಲ್ಲ
(ನಂಜನಗೂಡಿನ ವ್ಯಾಪಾರಿ)

ಕಬಿನಿ ಹುಟ್ಟುವ ಕೇರಳದ ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ನಂಜನಗೂಡಿನ ತೋಪಿನ ಬೀದಿ, ಹಳ್ಳದಕೇರಿಗಳಲ್ಲಿ ಗಂಟುಮೂಟೆ ಕಟ್ಟಲು ಶುರು. ನಮ್ಮೂರಿನಲ್ಲಿ ಹನಿ ಬೀಳದಿದ್ದರೂ ಕಬಿನಿ ಜಲಾಶಯದಿಂದ ಬಿಟ್ಟ ನೀರು ಸ್ನಾನಘಟ್ಟ ದಾಟಿ ಮೇಲೇರುತ್ತದೆ, ಹದಿನಾರುಕಾಲು ಮಂಟಪ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕ್ಯುಸೆಕ್‌ಗೂ ಮಿಕ್ಕಿ ನೀರು ಹರಿದಾಗ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಬಂದ್ ಆಯಿತು. ಮೈಸೂರು ಕಡೆಯಿಂದ ಭಕ್ತರು ಬರಲಿಲ್ಲ. ಅಂಗಡಿಗೆ ನೀರು ನುಗ್ಗದವರ ವ್ಯಾಪಾರವೂ ನಿಂತಿತು.

ಮನೆ ಪೂರ್ತಿ ಬಿದ್ದವರಿಗೆ ಆ ವರ್ಷ ಸರ್ಕಾರ 5 ಲಕ್ಷ ರೂಪಾಯಿ, ನೀರು ನುಗ್ಗಿದ ಮನೆಗಳಿಗೆ ತಕ್ಷಣಕ್ಕೆ 10,000 ರೂಪಾಯಿ ಘೋಷಿಸಿತು. ನ್ಯಾಯವಾದ ಕೆಲಸ. ಅಂಗಡಿಯ ಮಾತೇನು? ಶ್ರಾವಣದ ವ್ಯಾಪಾರಕ್ಕೆಂದು ಸಾಲ ಮಾಡಿ ತುಂಬಿಸಿದ್ದ ಕುಂಕುಮ, ಕರ್ಪೂರ, ಊದುಬತ್ತಿ ಎಲ್ಲವೂ ನನ್ನ ಅಂಗಡಿಯಲ್ಲಿ ಕೆಸರಾದವು. ನೆಂದ ಕುಂಕುಮವನ್ನು ಒಣಗಿಸಿ ದೇವರ ಮುಂದೆ ಇಡಿ ಎಂದು ಯಾರಿಗೆ ಮಾರಲಿ? ಸಮೀಕ್ಷೆಗೆ ಬಂದವರು ಕನಿಕರದಿಂದಲೇ ಹೇಳಿದರು: "ಮನೆಯಾಗಿದ್ದರೆ ಬರೆದುಕೊಳ್ಳುತ್ತಿದ್ದೆವು."

ತಪ್ಪು ಅವರದಲ್ಲ, ನಿಯಮದ್ದು. ಆಮೇಲೆ 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲೂ ಕರೆಯುವ ಹಸು ಸತ್ತರೆ 37,500 ರೂಪಾಯಿ, ನೀರಾವರಿ ಬೆಳೆ ಹಾಳಾದರೆ ಹೆಕ್ಟೇರಿಗೆ 17,000 ರೂಪಾಯಿ ಎಂದಿದೆ. ಕೈಮಗ್ಗದವರ, ಕರಕುಶಲಕರ್ಮಿಗಳ ಉಪಕರಣಕ್ಕೂ ಅಷ್ಟಿಷ್ಟು ಉಂಟು. ಕೊಂಡು ಮಾರುವ ಸಣ್ಣ ವ್ಯಾಪಾರಿಯ ಸರಕಿಗೆ ಮಾತ್ರ ಬಾಬ್ತೇ ಇಲ್ಲ. ರೈತನಿಗೆ ಹೊಲ ಹೇಗೋ ನಮಗೆ ಆ ಹತ್ತಡಿ ಜಾಗ ಹಾಗೆ. ಅದು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ.

ಸಾಲ ಕೊಡಿಸೋಣ ಎನ್ನುವವರಿದ್ದಾರೆ. ನೀರು ಕೊಚ್ಚಿಕೊಂಡು ಹೋದದ್ದೇ ಸಾಲದ ಸರಕು. ಅದರ ಮೇಲೆ ಇನ್ನೊಂದು ಸಾಲ ಹೇರುವುದನ್ನು ನೆರವು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇವರು ಒಮ್ಮೆಯೂ ಅಂಗಡಿಯ ಕೆಸರು ಬಳಿದವರಲ್ಲ.

ಒಂದು ಮಾತನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಗೇಟು ತೆರೆಯುವುದು ಸರ್ಕಾರ. ಅಣೆಕಟ್ಟು ಉಳಿಯಬೇಕಾದರೆ ತೆರೆಯಲೇಬೇಕು, ಒಪ್ಪುತ್ತೇನೆ. ಆದರೆ ಎಲ್ಲರ ಒಳಿತಿಗೆ ಬಿಟ್ಟ ನೀರಿನ ನಷ್ಟವನ್ನು ನದಿ ದಂಡೆಯಲ್ಲಿ ಬಳೆ ಮಾರುವ ಹೆಂಗಸೊಬ್ಬಳೇ ಏಕೆ ಹೊರಬೇಕು? ನೀರು ಇಳಿದ ವಾರದೊಳಗೆ ಅವಳ ಖಾತೆಗೆ ಹಣ ಬೀಳಬೇಕು.

ವಿರೋಧ: ಹಂಚಿಕೆಗಿಂತ ವಿಮೆ ಮೇಲು
(ಮಂಡ್ಯದ ನಿವೃತ್ತ ಬ್ಯಾಂಕ್ ಅಧಿಕಾರಿ)

ವಿರೋಧವಾಗಿ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಅಂಗಡಿಯವರಿಗೆ ಏನೂ ಕೊಡಬೇಡಿ ಎನ್ನುವುದು ನನ್ನ ಮಾತಲ್ಲ. ನಗದು ಹಂಚಿಕೆಗೆ ಪಟ್ಟಿ ಬೇಕು, ಪಟ್ಟಿಗೆ ಕಾಗದ ಬೇಕು. ಪರವಾನಗಿ ಕಟ್ಟಡದ ಮಾಲೀಕರ ಹೆಸರಿನಲ್ಲಿದ್ದರೆ ಹಣ ಅವರ ಪಾಲು. ಬಾಡಿಗೆಗೆ ಕುಳಿತವರು, ತಳ್ಳುಗಾಡಿಯವರು ಹೊರಗೇ ಉಳಿಯುತ್ತಾರೆ. ಗೇಟು ಯಾರು ತೆರೆದರು, ಯಾವಾಗ ತೆರೆದರು ಎಂಬ ಚರ್ಚೆಯನ್ನು ಎಂಜಿನಿಯರುಗಳಿಗೆ ಬಿಡುತ್ತೇನೆ.

2022ರ ಅಕ್ಟೋಬರ್ ಮಳೆಯಲ್ಲಿ ಮಂಡ್ಯದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ನಮ್ಮ ಭಾವನವರ ಬಟ್ಟೆ ಅಂಗಡಿಯಲ್ಲಿ ದೀಪಾವಳಿಗೆಂದು ತರಿಸಿದ್ದ ಸೀರೆಯ ಬಂಡಲ್‌ಗಳೆಲ್ಲ ಕೆಳಗಿನ ಸಾಲಿನಲ್ಲೇ ಇದ್ದವು. ಓವರ್‌ಡ್ರಾಫ್ಟ್ ಸಾಲ ಕೊಟ್ಟ ಬ್ಯಾಂಕು ಸರಕಿಗೆ ವಿಮೆ ಮಾಡಿಸಿಯೇ ತೀರಬೇಕು ಎಂದಿದ್ದರಿಂದ ವಿಮೆ ಇತ್ತು. ಅಕ್ಕ ಪ್ರತಿ ತಿಂಗಳೂ ಸರಕಿನ ಲೆಕ್ಕವನ್ನು ಬ್ಯಾಂಕಿಗೆ ಬರೆದುಕೊಡುತ್ತಿದ್ದಳು. ನಷ್ಟ ಅಳೆಯಲು ವಿಮೆಯ ಸರ್ವೇಯರ್ ಬಂದಾಗ ಭಾವ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರೆ, ಅಕ್ಕ ಆ ಲೆಕ್ಕದ ಪ್ರತಿಗಳನ್ನೂ ಖರೀದಿ ಬಿಲ್ಲುಗಳನ್ನೂ ಮುಂದಿಟ್ಟಳು. ಹಣ ಬರುವಷ್ಟರಲ್ಲಿ ಯುಗಾದಿ ಹತ್ತಿರವಾಗಿತ್ತು ನಿಜ, ಆದರೆ ಬಂತು. ಯಾರ ಬಾಗಿಲಿಗೂ ಅಲೆಯದೆ ಬಂತು. ಅಂಗಡಿ ಇವತ್ತಿಗೂ ನಡೆಯುತ್ತಿದೆ.

ಪಕ್ಕದ ಚಪ್ಪಲಿ ಅಂಗಡಿಯವರಿಗೆ ವಿಮೆ ಇರಲಿಲ್ಲ. ಬಾಗಿಲು ಮುಚ್ಚಿ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಕೈಗೆ ನಗದು ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರು ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯಲಾರೆ. ಆದರೆ ಆ ಹಣ ಮುಂದಿನ ಮಳೆಗೆ ಉತ್ತರವಾಗುವುದಿಲ್ಲ. ನದಿ ದಂಡೆಯ, ತಗ್ಗು ಪ್ರದೇಶದ ಮಳಿಗೆಗಳಿಗೆ ಪರವಾನಗಿ ಶುಲ್ಕದ ಜೊತೆಯಲ್ಲೇ ವಿಮೆಯ ಕಂತನ್ನೂ ಕಟ್ಟಿಸಿಕೊಳ್ಳಲಿ. ಅರ್ಧ ಕಂತನ್ನು ನಗರಸಭೆ ಭರಿಸಲಿ, ಬಾಡಿಗೆದಾರನ ಹೆಸರಿನಲ್ಲೇ ಪಾಲಿಸಿ ಇರಲಿ.