ದಂಡಪಿಂಡಗಳಿಗೂ ಸಿಕ್ಕಿತು ಸಮಾನತೆ

ಅಮೆರಿಕದ ಭಾರತೀಯರಿಗೆ ಸಮಾನತೆ ಸಿಕ್ಕಿದ್ದು 2004ರ ಜುಲೈ 30ರಂದು. ಅಲ್ಲಿನ ಸಂಸತ್ತು ಕಾನೂನು ಮಾಡಲಿಲ್ಲ, ಕೋರ್ಟು ತೀರ್ಪು ಕೊಡಲಿಲ್ಲ. ಅವತ್ತು 'ಹೆರಾಲ್ಡ್ ಅಂಡ್ ಕುಮಾರ್ ಗೋ ಟು ವೈಟ್ ಕ್ಯಾಸಲ್' ಎಂಬ ಸಿನಿಮಾ ಬಿಡುಗಡೆಯಾಯಿತು, ಅಷ್ಟೆ. ಕೊರಿಯನ್ ಮೂಲದ ಹೆರಾಲ್ಡ್, ಭಾರತೀಯ ಮೂಲದ ಕುಮಾರ್ ಪಟೇಲ್ ಇಬ್ಬರೂ ಗಾಂಜಾ ಹೊಡೆಯುತ್ತಾರೆ. ಹಸಿವಾಗುತ್ತದೆ. ರಾತ್ರಿಯಿಡೀ ನ್ಯೂಜೆರ್ಸಿ ಅಲೆದು ಕೊನೆಗೆ ವೈಟ್ ಕ್ಯಾಸಲ್ ಎಂಬ ಹೋಟೆಲಿನಲ್ಲಿ ಬರ್ಗರ್ ತಿನ್ನುತ್ತಾರೆ. ಕಥೆ ಮುಗಿಯಿತು. ಕುಮಾರ್ ಅಂಗಡಿ ಇಟ್ಟಿಲ್ಲ, ಟ್ಯಾಕ್ಸಿ ಓಡಿಸಲ್ಲ, ಬಾಂಬ್ ಇಡಲ್ಲ. ಅಪ್ಪ ಡಾಕ್ಟರ್, ಅಣ್ಣ ಡಾಕ್ಟರ್. ಇವನು ಮಾತ್ರ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂಗೆ ಹೋಗಿ ಬೇಕಂತಲೇ ಕೆಡಿಸಿಕೊಂಡು ಬರುತ್ತಾನೆ.

ಹೀಗೆ ಸುಮ್ನೆ ಬಿದ್ದಿರುವ ಹಕ್ಕು ಬಿಳಿಯರಿಗೆ ಮೊದಲಿಂದಲೂ ಇತ್ತು. ಇದೇ ನಿರ್ದೇಶಕ ಡ್ಯಾನಿ ಲೈನರ್ 2000ದಲ್ಲಿ ಇನ್ನೊಂದು ಸಿನಿಮಾ ಮಾಡಿದ್ದರು. ಅದರಲ್ಲಿ ಇಬ್ಬರು ಬಿಳಿ ಹುಡುಗರು ಕಾರು ಎಲ್ಲಿ ನಿಲ್ಲಿಸಿದ್ದೆವು ಅನ್ನೋದನ್ನೇ ಮರೆತು ಹುಡುಕುತ್ತಾರೆ. ಬಿಳಿಯರ ಮಾನ ಹೋಯಿತು ಅಂತ ಯಾರೂ ಬಾಯಿ ಬಡಿದುಕೊಳ್ಳಲಿಲ್ಲ. ಬೇರೆ ಬಣ್ಣದವನು ದಂಡಪಿಂಡ ಆಗಬೇಕಾದರೆ ಮಾತ್ರ ಹಾಲಿವುಡ್ಡಿನ ಅಪ್ಪಣೆ ಬೇಕು.

ಅಪ್ಪಣೆ ಸಿಗುವ ಮುಂಚೆ ಯಾವ ಪಾತ್ರ ಸಿಗುತ್ತಿತ್ತು? 2017ರಲ್ಲಿ ಕುಮಾರ್ ಪಾತ್ರಧಾರಿ ಕಾಲ್ ಪೆನ್ ತಮ್ಮ ಹಳೇ ಆಡಿಷನ್ ಹಾಳೆಗಳನ್ನು ಟ್ವಿಟರ್‌ಗೆ ಹಾಕಿದರು. ಒಂದು ಪಾತ್ರ ಗಾಂಧಿ ಥರ ಕಾಣುವವನು. ಇನ್ನೊಂದು ಹಾವಾಡಿಗ. 2002ರ ಒಂದು ಕಾಲೇಜು ಕಾಮಿಡಿಯಲ್ಲಿ ಅವರ ಪಾತ್ರದ ಹೆಸರು ತಾಜ್ ಮಹಲ್ ಬದಲಂದಾಬಾದ್. ಅದನ್ನು ಬರೆದವನಿಗೆ ಭಾರತದ ಬಗ್ಗೆ ಗೊತ್ತಿದ್ದದ್ದು ಒಂದೇ ಕಟ್ಟಡ ಅಂತ ಕಾಣುತ್ತದೆ.

ಪೆನ್ ಅವರ ನಿಜವಾದ ಹೆಸರು ಕಲ್ಪೇನ್ ಮೋದಿ. ಮನೆತನ ಗುಜರಾತಿ, ಹುಟ್ಟಿದ್ದು ನ್ಯೂಜೆರ್ಸಿಯಲ್ಲೇ. ಹೆಸರನ್ನು ಎರಡು ತುಂಡು ಮಾಡಿ ಕಾಲ್ ಪೆನ್ ಅಂತ ಬರೆದುಕೊಂಡರು. ಆಡಿಷನ್ ಕರೆಗಳು 50% ಜಾಸ್ತಿಯಾದವು ಅಂತ ಅವರೇ ಹೇಳಿದ್ದಾರೆ. ಇಷ್ಟು ಕಷ್ಟಪಟ್ಟು ಬಿಳಿ ಹೆಸರು ಮಾಡಿಕೊಂಡ ಮೇಲೆ ಅವರು ಪ್ರಸಿದ್ಧರಾಗಿದ್ದು ಕುಮಾರ್ ಅಂತ! ಸಿನಿಮಾದಲ್ಲಿ ಆ ಹೆಸರು ಕೇಳಿದ ಪೊಲೀಸಪ್ಪ ಅದರಲ್ಲಿ ಎಷ್ಟು ಅಕ್ಷರ ಅಂತ ಗೇಲಿ ಮಾಡುತ್ತಾನೆ. ಹಳೇ ಕಾಲದ ಒಳ್ಳೇ ಅಮೆರಿಕನ್ ಹೆಸರುಗಳೆಲ್ಲ ಎಲ್ಲಿ ಹೋದವು ಅಂತ ಮರುಗುತ್ತಾನೆ. ನಮ್ಮೂರ ಸಂತೆಯಲ್ಲಿ ನಿಂತು ಕುಮಾರ ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ.

ಜನಾಂಗಗಳನ್ನು ಒಂದೇ ಅಚ್ಚಿಗೆ ಹಾಕುವವರನ್ನು ಈ ಸಿನಿಮಾ ಗೇಲಿ ಮಾಡುತ್ತದೆ, ಸರಿ. ಆದರೆ ಅದರ ಜಾಹೀರಾತು ಹೇಗಿತ್ತು ಗೊತ್ತಾ? ಆ ಸಿನಿಮಾದಲ್ಲಿದ್ದ ಏಷ್ಯನ್ ಹುಡುಗ, ಈ ಸಿನಿಮಾದಲ್ಲಿದ್ದ ಇಂಡಿಯನ್ ಹುಡುಗ ಅಂತ. ಹೆರಾಲ್ಡ್ ಪಾತ್ರಧಾರಿ ಜಾನ್ ಚೋ, ಕುಮಾರ್ ಪಾತ್ರಧಾರಿ ಕಾಲ್ ಪೆನ್ ಅಂದರೆ ಯಾರಿಗೂ ಗೊತ್ತಾಗಲ್ಲ ಅನ್ನೋದನ್ನೇ ತಮಾಷೆ ಮಾಡಿ ಟಿಕೆಟ್ ಮಾರಿದರು. ತಮಾಷೆಯೇನೋ ಚೆನ್ನಾಗಿದೆ. ನಿಜವಾಗಿದ್ದರಿಂದಲೇ ಚೆನ್ನಾಗಿದೆ.

ನನಗೆ ಇಷ್ಟವಾಗುವುದು ಹೆರಾಲ್ಡ್‌ನ ಶುಕ್ರವಾರ. ಬ್ಯಾಂಕಿನ ಬಿಳಿ ಸಹೋದ್ಯೋಗಿಗಳು ತಮ್ಮ ಕೆಲಸವನ್ನೆಲ್ಲ ಅವನ ಮೇಜಿಗೆ ತಳ್ಳಿ ಪಾರ್ಟಿಗೆ ಹೊರಡುತ್ತಾರೆ. ಏಷ್ಯನ್ನರಿಗೆ ಲೆಕ್ಕ ಮಾಡುವುದೆಂದರೆ ಪ್ರಾಣ, ಅಲ್ವಾ? ಇದು ಬೈಗುಳ ಅಲ್ಲ, ಹೊಗಳಿಕೆ. ಬೈದರೆ ತಿರುಗಿ ಬೈಯಬಹುದು. ನೀವು ತುಂಬಾ ಬುದ್ಧಿವಂತರು, ಶ್ರಮಜೀವಿಗಳು, ಗಲಾಟೆ ಮಾಡದವರು ಅಂತ ಬೆನ್ನು ತಟ್ಟಿದರೆ ಏನು ಮಾಡುವುದು? ಕೂತು ಲೆಕ್ಕ ಮಾಡಬೇಕು. ಈ ಹೊಗಳಿಕೆಯನ್ನು ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದವರಲ್ಲಿ ನಮ್ಮ ಎನ್ನಾರೈ ಅಪ್ಪ ಅಮ್ಮಂದಿರೇ ಮೊದಲಿಗರು. ಹಾಲಿವುಡ್ ನಮ್ಮನ್ನು ಡಾಕ್ಟರ್ ಅಂತ ಮಾತ್ರ ತೋರಿಸುತ್ತದೆ ಅಂತ ಅವರು ದೂರಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಇನ್ನು ಗಾಂಜಾ ವಿಷಯ. ಇಬ್ಬರು ಗೆಳೆಯರು, ಒಂದು ಚಿಲುಮೆ ಅನ್ನುವ ಈ ಸಿನಿಮಾ ಜಾತಿಗೆ ಮೂಲಪುರುಷರು ಚೀಚ್ ಮತ್ತು ಚಾಂಗ್ ಎಂಬ ಹಾಸ್ಯಜೋಡಿ. ಚೀಚ್ ಮೆಕ್ಸಿಕನ್ ಮೂಲದವರು, ಚಾಂಗ್ ಅವರ ತಂದೆ ಚೀನೀಯರು. ಅವರ ಮೊದಲ ಸಿನಿಮಾ ಬಂದದ್ದು 1978ರಲ್ಲಿ. ಕಾಲು ಶತಮಾನ ಕಳೆದ ಮೇಲೆ, 2003ರಲ್ಲಿ, ಅಮೆರಿಕ ಸರ್ಕಾರ 'ಆಪರೇಷನ್ ಪೈಪ್ ಡ್ರೀಮ್ಸ್' ಎಂಬ ಮಹಾಕಾರ್ಯಾಚರಣೆ ನಡೆಸಿತು. ಗಾಂಜಾ ಸೇದುವ ಗಾಜಿನ ಕೊಳವೆ ಮಾರುವವರ ಮೇಲೆ ದೇಶದ ಉದ್ದಗಲಕ್ಕೂ ದಾಳಿ. ಗಮನಿಸಿ, ಗಾಂಜಾ ಅಲ್ಲ, ಕೊಳವೆ. ಚಾಂಗ್ ಮನೆಯವರೂ ಅಂಥದ್ದೊಂದು ಕಂಪನಿ ನಡೆಸುತ್ತಿದ್ದರು. ಹೆಂಡತಿ, ಮಗನ ಮೇಲೆ ಕೇಸು ಬೀಳದಿರಲಿ ಅಂತ ಅವರು ತಪ್ಪೊಪ್ಪಿಕೊಂಡರು. ಶಿಕ್ಷೆಯ ಮಾತು ಬಂದಾಗ ಸರ್ಕಾರಿ ವಕೀಲರು ಅವರ ಹಳೇ ಸಿನಿಮಾಗಳನ್ನೂ ಎಳೆದು ತಂದರು. ಇವರು ಪೊಲೀಸರನ್ನು ತಮಾಷೆ ಮಾಡಿ ದುಡ್ಡು ಮಾಡಿದವರು ಸ್ವಾಮೀ ಅಂತ. ಅರವತ್ತೈದು ದಾಟಿದ ಹಾಸ್ಯನಟನಿಗೆ ಒಂಬತ್ತು ತಿಂಗಳ ಜೈಲು ಆಯಿತು. ಅದು ಮುಗಿದದ್ದು 2004ರ ಜುಲೈನಲ್ಲಿ. ಅದೇ ತಿಂಗಳ ಕೊನೆಗೆ ಕುಮಾರ್ ಥಿಯೇಟರಿಗೆ ಬಂದ. ಒಬ್ಬ ಒಳಗಿಂದ ಹೊರಬರುವುದಕ್ಕೂ ಇನ್ನೊಬ್ಬ ಬೆಳ್ಳಿತೆರೆಯಲ್ಲಿ ಹೊಗೆ ಬಿಡುವುದಕ್ಕೂ ಸರಿಹೋಯಿತು. ಅದೇ ನ್ಯೂಜೆರ್ಸಿಯಲ್ಲಿ 2022ರಿಂದ ಗಾಂಜಾವನ್ನು ಅಂಗಡಿಯಲ್ಲೇ ಮಾರುತ್ತಾರೆ, ಸರ್ಕಾರಕ್ಕೆ ತೆರಿಗೆಯೂ ಸಲ್ಲುತ್ತದೆ.

2008ರಲ್ಲಿ ಎರಡನೇ ಭಾಗ ಬಂತು. ಕುಮಾರ್ ಅದೇ ಥರದ ಕೊಳವೆಯನ್ನು ವಿಮಾನಕ್ಕೆ ಒಯ್ಯುತ್ತಾನೆ. ಬಣ್ಣ ನೋಡಿ ಜನ ಅದನ್ನು ಬಾಂಬ್ ಅಂದುಕೊಳ್ಳುತ್ತಾರೆ. ಇಬ್ಬರೂ ನೇರ ಅಮೆರಿಕ ಭಯೋತ್ಪಾದಕರೆಂದು ಶಂಕಿಸಿದವರನ್ನು ಕೂಡಿಹಾಕುವ ಗ್ವಾಂಟನಾಮೊ ಜೈಲಿಗೆ. ಹೆರಾಲ್ಡ್‌ನ ಅಪ್ಪ ಅಮ್ಮ ಸ್ಪಷ್ಟ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಸರ್ಕಾರದ ದುಭಾಷಿ ತಲೆ ಕೆರೆದುಕೊಂಡು, ಇದು ತನಗೆ ಗೊತ್ತಿಲ್ಲದ ಯಾವುದೋ ಕೊರಿಯನ್ ನುಡಿ ಅನ್ನುತ್ತಾನೆ. ಮೂರೂ ಭಾಗಗಳಲ್ಲಿ ಇದಕ್ಕಿಂತ ಒಳ್ಳೇ ದೃಶ್ಯ ನನಗೆ ಸಿಕ್ಕಿಲ್ಲ. ಆದರೆ ಇದೇ ಸಿನಿಮಾ ಅಲಬಾಮಾಕ್ಕೆ ಹೋದ ಕೂಡಲೇ ಬಡ ಬಿಳಿಯರನ್ನು ಒಡಹುಟ್ಟಿದವರನ್ನೇ ಮದುವೆಯಾಗಿ ಒಕ್ಕಣ್ಣಿನ ಮಗು ಹೆತ್ತವರು ಅಂತ ತೋರಿಸುತ್ತದೆ. ಹುಡುಗಿಯರ ಪಾತ್ರಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ತನ್ನ ಹಣೆಯ ಚೀಟಿ ಕಿತ್ತು ಪಕ್ಕದವನ ಹಣೆಗೆ ಅಂಟಿಸುವುದಕ್ಕೂ ವಿಡಂಬನೆ ಅಂತಲೇ ಹೆಸರು.

ಕಥೆಯನ್ನು ಮೀರಿಸುವುದಕ್ಕೆ ನಿಜ ಜೀವನ ಹೊರಟಿದ್ದು 2009ರಲ್ಲಿ. ಮೆಡಿಕಲ್ ಸೀಟು ಒದ್ದ ಕುಮಾರ್, ಅಂದರೆ ಕಾಲ್ ಪೆನ್, ಆಗ ಟಿವಿಯಲ್ಲಿ ಡಾಕ್ಟರ್ ಆಗಿದ್ದರು. ಆ ಕೆಲಸವನ್ನೂ ಬಿಟ್ಟು ಒಬಾಮಾ ಅವರ ಶ್ವೇತಭವನದಲ್ಲಿ ಅಧಿಕಾರಿಯಾದರು. ಗಾಂಜಾ ಸಿನಿಮಾದ ಹೀರೋ ಶ್ವೇತಭವನದ ಗೇಟು ದಾಟಿದ ಅದೇ ಬೇಸಿಗೆಯಲ್ಲಿ, ಆಗಸ್ಟ್‌ನಲ್ಲಿ, ಶಾರುಖ್ ಖಾನ್ ಅವರನ್ನು ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಕೂರಿಸಿಕೊಂಡು ವಿಚಾರಿಸಿದರು. ಹೆಸರನ್ನು ತುಂಡು ಮಾಡಿಕೊಳ್ಳಿ ಅಂತ ಪಾಪ ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಗುಟ್ಟು: ಸಂಪ್ರದಾಯ ಮುರಿದ ಈ ಕುಮಾರ್ ಶೂಟಿಂಗ್ ಹೊತ್ತಿಗೆ ನಿಜದಲ್ಲಿ ಸಸ್ಯಾಹಾರಿ. ಕ್ಲೈಮ್ಯಾಕ್ಸಿನಲ್ಲಿ ಅವರು ಬಾಯಿ ತುಂಬ ಮುಕ್ಕುವ ಬರ್ಗರ್ ವೆಜ್ಜು. ಗುಜರಾತಿ ತಾಯಂದಿರು ಸಮಾಧಾನ ಪಟ್ಟುಕೊಳ್ಳಬಹುದು.

ಇಂಥ ಸಿನಿಮಾ ನೋಡಿದರೆ ಮಕ್ಕಳು ಹಾಳಾಗುತ್ತಾರೆ ಅನ್ನುವವರಿಗೂ ಒಂದು ಉದಾಹರಣೆ ಇದೆ. ನಿರ್ದೇಶಕಿ ಮೀರಾ ನಾಯರ್ 'ದಿ ನೇಮ್‌ಸೇಕ್' ಸಿನಿಮಾ ಮಾಡುವಾಗ ಅವರ ಹದಿಹರೆಯದ ಮಗ ಕುಮಾರ್‌ನ ಅಭಿಮಾನಿಯಾಗಿದ್ದ. ಕಾಲ್ ಪೆನ್ ಅವರನ್ನೇ ಹಾಕಿಕೋ ಅಂತ ಅಮ್ಮನಿಗೆ ದುಂಬಾಲು ಬಿದ್ದ. ಅಮ್ಮ ಒಪ್ಪಿದರು. ಆ ಹುಡುಗನ ಹೆಸರು ಜೊಹ್ರಾನ್ ಮಮ್ದಾನಿ. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಅವರನ್ನು ಮೇಯರ್ ಆಗಿ ಆರಿಸಿತು. ನ್ಯೂಜೆರ್ಸಿಯ ಆಂಟಿಯರಿಗೆ ಇದನ್ನು ಹೇಳಿ ನೋಡಿ. ಮೇಯರೇನೋ ಸರಿ, ಡಾಕ್ಟರ್ ಆಗಲಿಲ್ಲವಲ್ಲ ಅನ್ನುತ್ತಾರೆ.