ಎಂಟು ಸಾಕಾ, ಹದಿನಾರು ಬೇಕಾ?

ಕಾಸರಗೋಡಿನವರಿಗೆ ಒಂದು ಅನುಕೂಲ ಉಂಟು. ತಪ್ಪು ಸಲಹೆಯೂ ಮೂರು ಭಾಷೆಗಳಲ್ಲಿ ಸಿಗುತ್ತದೆ.

ಲ್ಯಾಪ್‌ಟಾಪ್ ಕೊಳ್ಳಲು ಹೋಗಿ ರ‍್ಯಾಮ್ ಎಷ್ಟು ಬೇಕೆಂದು ಕೇಳಿದಾಗ ಅಂಗಡಿಯ ಹುಡುಗ ಮಲಯಾಳದಲ್ಲಿ, "ಮಾಷೇ, ಎಟ್ಟ್ ಜಿಬಿ ಮತಿ" ಎಂದ. ಜೊತೆಗೆ ಬಂದಿದ್ದ ನಮ್ಮ ಶಾಲೆಯ ಡ್ರಾಯಿಂಗ್ ಮಾಷ್ಟ್ರು ತುಳುವಿನಲ್ಲಿ "ಯಾವು ಮಾರಾಯ್ರೆ" ಎಂದರು. ನನ್ನ ಜೇಬು ಶುದ್ಧ ಕನ್ನಡದಲ್ಲಿ "ಸಾಕು" ಎಂದಿತು.

"ಮುಂದೆ ಬೇಕಾದರೆ ಜಾಸ್ತಿ ಹಾಕಿಸಬಹುದಲ್ವಾ?"

"ಪಿನ್ನೆಂತಾ, ಹಾಕಿಸಬಹುದು!" ಎನ್ನುತ್ತಲೇ ಹುಡುಗ ಬಿಲ್ ಬರೆದ.

ಬಡಿಯಡ್ಕದ ಬಸ್ಸು ಹಿಡಿದು ಮನೆಗೆ ಬಂದರೆ ಅಪ್ಪನ ವಿಚಾರಣೆ. "ಮೆಮೊರಿ ಎಷ್ಟುಂಟು?"

"8 ಜಿಬಿ. ಮತ್ತೊಂದು 512."

"512 ಇರುವಾಗ 8 ಎಂತಕ್ಕೆ?"

ಒಳ್ಳೆಯ ಪ್ರಶ್ನೆ. ಅಂಗಡಿಯಲ್ಲಿ ಕೇಳಲು ನನಗೇ ನಾಚಿಕೆಯಾಗಿತ್ತು. ಅಡಿಕೆ ಬೆಳೆಗಾರನಿಗೆ ಅಡಿಕೆಯ ಲೆಕ್ಕದಲ್ಲೇ ಹೇಳಿದೆ. 512 ಅಂದರೆ ಫೈಲುಗಳನ್ನು ಇಡುವ ಸ್ಟೋರೇಜ್, ಅಟ್ಟದ ಹಾಗೆ, ಚೀಲ ಕಟ್ಟಿ ಇಡುವ ಜಾಗ. 8 ಅಂದರೆ ರ‍್ಯಾಮ್, ಅಂಗಳದ ಹಾಗೆ. ಹರವುವುದು, ಹೆಕ್ಕುವುದು, ಕೆಲಸವೆಲ್ಲ ಅಲ್ಲೇ. ಆಫ್ ಮಾಡಿದರೆ ಅಂಗಳ ಗುಡಿಸಿದ ಹಾಗೆ, ಏನೂ ಉಳಿಯುವುದಿಲ್ಲ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನೀನು ಅಂಗಳ ಸಣ್ಣದು ತಂದೆ" ಎಂದರು.

ನಾನು ಕೇಳಿಸದವನ ಹಾಗೆ ಚಾರ್ಜರ್ ಹುಡುಕಿದೆ. ಅಷ್ಟಕ್ಕೂ ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ. ನನ್ನಲ್ಲಿ ಅದರ ಎರಡರಷ್ಟು ಉಂಟಲ್ಲ! ಆದರೆ ಆ 4 ಜಿಬಿಯಲ್ಲಿ ಅದು ಹಾಸಿಗೆಯಿಂದ ಏಳುತ್ತದೆ ಅಷ್ಟೆ. ಏಳುವುದು ಬೇರೆ, ಕೆಲಸ ಮಾಡುವುದು ಬೇರೆ. ಮನೆಯಲ್ಲಿ ದೊಡ್ಡ ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜೂನ್ ಬಂತು, ಶಾಲೆ ಶುರುವಾಯಿತು. ಒಂದು ಟ್ಯಾಬ್‌ನಲ್ಲಿ ಮಲಯಾಳದ ಸುತ್ತೋಲೆ, ಇನ್ನೊಂದರಲ್ಲಿ ಅದರ ಕನ್ನಡ, ಮೂರನೆಯದರಲ್ಲಿ ಆ ಕನ್ನಡಕ್ಕೆ ಅರ್ಥ ಹುಡುಕುವ ನಿಘಂಟು. ಜೊತೆಗೆ ಎಕ್ಸೆಲ್, ಮೇಲಿಂದ ಆನ್‌ಲೈನ್ ಮೀಟಿಂಗ್. ನಾನು ಬಾಯಿ ತೆರೆದ ಕ್ಷಣಕ್ಕೇ ಎಲ್ಲವೂ ನಿಂತುಹೋಯಿತು. ಉಳಿದವರ ಸ್ಕ್ರೀನಿನಲ್ಲಿ ನಾನು ಪೂರಾ ಎರಡು ನಿಮಿಷ ಆಕಳಿಸುತ್ತಲೇ ಇದ್ದೆನಂತೆ. ಹೆಡ್ಮಾಷ್ಟ್ರು ಇವತ್ತಿಗೂ ನನ್ನನ್ನು ಕಂಡರೆ "ರಾತ್ರಿ ನಿದ್ದೆ ಆಯಿತಾ?" ಎಂದು ಕೇಳುತ್ತಾರೆ.

ಟಾಸ್ಕ್ ಮ್ಯಾನೇಜರ್ ತೆರೆದೆ. ಮೆಮೊರಿ 94 ಶೇಕಡಾ ಭರ್ತಿ! ಇದರಲ್ಲಿ ಗ್ರಾಫಿಕ್ಸಿಗೆ, ಅಂದರೆ ಪರದೆಯ ಚಿತ್ರಗಳಿಗೆ, ಬೇರೆ ಮೆಮೊರಿ ಇಲ್ಲ. ಅಂಗಳದ ಮೂಲೆಯಲ್ಲಿ ಅಮ್ಮ ಹಲಸಿನ ಹಪ್ಪಳ ಒಣಗಿಸಿದ ಹಾಗೆ ಅದೂ ಇದೇ 8ರಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಜಾಗ ಸಾಲದಾದಾಗ ಲ್ಯಾಪ್‌ಟಾಪ್ ಒಂದಷ್ಟನ್ನು ಅಟ್ಟಕ್ಕೆ ಸಾಗಿಸಿ, ಬೇಕಾದಾಗ ಪುನಃ ಇಳಿಸುತ್ತದೆ. ಏಣಿ ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ.

ಸರಿ, ಇನ್ನೊಂದು 8 ಹಾಕಿಸೋಣ ಎಂದು ರಿಪೇರಿಯವನ ಹತ್ತಿರ ಹೋದೆ. ಅಡಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಟಾರ್ಚ್ ಹಾಕಿ ನೋಡಿದ. "ಇನ್ನೊಂದನ್ನು ಸಿಕ್ಕಿಸುವ ಸ್ಲಾಟೇ ಇಲ್ಲ ಮಾಷೇ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ."

ಮನೆಗೆ ಬಂದು ಹೇಳಿದೆ. "ಅಂಗಳದ ಸುತ್ತ ಕಲ್ಲಿನ ಗೋಡೆ, ಅಲ್ವಾ?" ಎಂದರು ಅಪ್ಪ. ಅವರಿಗೆ ಎಷ್ಟು ಬೇಗ ಅರ್ಥವಾಗುತ್ತದೆ ಅಂತ ನನಗೆ ಸಿಟ್ಟು ಬಂತು.

ಮೊನ್ನೆ, ಮಂಗಳೂರಿನಲ್ಲಿ ಓದುವ ಅಕ್ಕನ ಮಗ ಫೋನ್ ಮಾಡಿದ. "ಮಾವ, ಲ್ಯಾಪ್‌ಟಾಪ್ ತೆಗೀಬೇಕು. 8 ಜಿಬಿ ಸಾಕಾ?"

ಅನುಭವಸ್ಥನ ಗತ್ತಿನಲ್ಲಿ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದರು:

"ಹದಿನಾರು ಹೇಳು ಪುಳ್ಳಿಗೆ! ಬಿಲ್ ಬರೆಯುವ ಮೊದಲು ಸ್ಲಾಟ್ ಉಂಟಾ ಕೇಳಲಿ. ಮತ್ತೆ, ಮಾವನ ಹತ್ತಿರ ಮಾತ್ರ ಕೇಳುವುದು ಬೇಡ ಅಂತ ಹೇಳು!"